ಹತ್ತು ವರ್ಷ ಓಡಿಸಿದ್ದರೂ ಹೊಸಬ: ಬ್ರಿಟನ್‌ನಲ್ಲಿ ವೀಸಾ ಮೇಲಿರುವವರ ಕಾರ್ ಇನ್ಶೂರೆನ್ಸ್

ಬ್ರಿಟನ್‌ನಲ್ಲಿ ಕಾರ್ ಇನ್ಶೂರೆನ್ಸ್‌ಗೆ ಅರ್ಜಿ ತುಂಬುವಾಗ ಎರಡು ಪ್ರಶ್ನೆಗಳು ತಪ್ಪದೆ ಬರುತ್ತವೆ. ನಿಮ್ಮ ಲೈಸೆನ್ಸ್ ಯಾವ ದೇಶದ್ದು? ನೀವು ಈ ದೇಶದಲ್ಲಿ ಯಾವಾಗಿನಿಂದ ವಾಸವಾಗಿದ್ದೀರಿ? ಎರಡನೆಯದಕ್ಕೆ ‘ಹುಟ್ಟಿದಾಗಿನಿಂದ’ ಅನ್ನುವ ಉತ್ತರ ಅಲ್ಲೇ ಸಿದ್ಧವಾಗಿರುತ್ತದೆ. ಅದು ನಿಮಗೆ ಹೊಂದದಿದ್ದರೆ ಬಂದ ತಿಂಗಳು, ವರ್ಷ ಹಾಕಬೇಕು. ವೀಸಾ ಯಾವುದು ಅಂತ ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ.

ಬೆಂಗಳೂರಿನ ಟ್ರಾಫಿಕ್‌ನಲ್ಲಿ ಹತ್ತು ವರ್ಷ ಕಾರು ಓಡಿಸಿದವರು, ಒಂದೂ ಕ್ಲೇಮ್ ಮಾಡದೆ ಶೇ 50ರ ನೋ ಕ್ಲೇಮ್ ಬೋನಸ್ ಗಳಿಸಿದವರು ಈ ಎರಡು ಪ್ರಶ್ನೆಗೆ ನಿಜ ಹೇಳಿದ ಕೂಡಲೇ ಹದಿನೆಂಟರ ಹುಡುಗರ ಸಾಲಿಗೆ ಬಂದುಬಿಡುತ್ತಾರೆ. ಬ್ರಿಟನ್‌ನ ವಿಮಾ ಕಂಪನಿಗಳ ಸಂಘದ ಲೆಕ್ಕದಲ್ಲಿ 2024ರ ಮೊದಲ ಮೂರು ತಿಂಗಳ ಸರಾಸರಿ ಪ್ರೀಮಿಯಂ ವರ್ಷಕ್ಕೆ 635 ಪೌಂಡ್ ಇತ್ತು. ಆಗ ಅದು ದಾಖಲೆ. ಆಮೇಲೆ ಸ್ವಲ್ಪ ಇಳಿದಿದೆ. ಆದರೆ ಹೊಸದಾಗಿ ಬಂದವರಿಗೆ ಸ್ಕ್ರೀನ್ ಮೇಲೆ ಕಾಣುವ ಮೊತ್ತ ಎಷ್ಟೋ ಸಲ ಈ ಸರಾಸರಿಯ ಹತ್ತಿರಕ್ಕೂ ಬರುವುದಿಲ್ಲ. ಎರಡು ಪಟ್ಟು, ಅದಕ್ಕೂ ಮೇಲೆ ಕೇಳುವುದು ಅಪರೂಪವಲ್ಲ. ಕೆಲವು ಕಂಪನಿಗಳು ದರವನ್ನೇ ಹೇಳುವುದಿಲ್ಲ.

ಐಟಿ ಕೆಲಸಕ್ಕೆ ಹೋದವರು, ಮಂಗಳೂರಿನ ನರ್ಸಿಂಗ್ ಕಾಲೇಜುಗಳಲ್ಲಿ ಓದಿ ಅಲ್ಲಿನ ಆಸ್ಪತ್ರೆ ಸೇರಿದವರು, ಮಾಸ್ಟರ್ಸ್ ಓದಲು ಹೋದ ಮಕ್ಕಳು, ಎಲ್ಲರೂ ಇದನ್ನು ಎದುರಿಸುತ್ತಾರೆ. ವೀಸಾ ಇರುವುದರಿಂದಲೇ ದರ ಜಾಸ್ತಿ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಅದು ಪೂರ್ತಿ ಸರಿಯಲ್ಲ. ಇಲ್ಲಿ ದುಡ್ಡು ತಿನ್ನುವುದು ವಾಸದ ಅವಧಿ. ಅದಕ್ಕಿಂತ ದೊಡ್ಡ ಅಪಾಯ ಬೇರೆ ಕಡೆ ಇದೆ, ನಮ್ಮ ಡಿಎಲ್‌ಗೆ ಅಲ್ಲಿ ಇರುವ ಹನ್ನೆರಡು ತಿಂಗಳ ಆಯುಷ್ಯದಲ್ಲಿ.

ಮೂರು ಕಡೆ, ಮೂರು ಲೆಕ್ಕ

ಗೊಂದಲ ಹುಟ್ಟುವುದು ಇಲ್ಲಿಂದಲೇ. ಬ್ರಿಟನ್‌ನ ಗೃಹ ಇಲಾಖೆ ನೋಡುವುದು ನಿಮಗೆ ಎಷ್ಟು ದಿನ ಇರಲು ಅನುಮತಿ ಇದೆ ಅನ್ನುವುದನ್ನು. ಸ್ಕಿಲ್ಡ್ ವರ್ಕರ್ ವೀಸಾ, ಸ್ಟೂಡೆಂಟ್ ವೀಸಾ, ಡಿಪೆಂಡೆಂಟ್ ವೀಸಾ ಇವೆಲ್ಲ ಅವರ ಲೆಕ್ಕದಲ್ಲಿ ತಾತ್ಕಾಲಿಕ. ಖಾಯಂ ವಾಸದ ಹಕ್ಕು ಸಿಗುವುದು ಎಷ್ಟೋ ವರ್ಷ ಆದಮೇಲೆ.

ನಮ್ಮ ಆರ್‌ಟಿಒ ಮಾಡುವ ಲೈಸೆನ್ಸ್ ಕೆಲಸವನ್ನು ಅಲ್ಲಿ ಮಾಡುವುದು ಡಿವಿಎಲ್‌ಎ. ಖಾಯಂ ಹಕ್ಕಿನ ಚಿಂತೆ ಅವರಿಗಿಲ್ಲ. ದೇಶದಲ್ಲಿ ಕನಿಷ್ಠ 185 ದಿನ ಇರಲು ಅನುಮತಿ ಇದ್ದರೆ ಪ್ರಾವಿಷನಲ್ ಲೈಸೆನ್ಸ್, ಅಂದರೆ ನಮ್ಮ ಎಲ್‌ಎಲ್ ತರಹದ್ದು, ಕೊಡುತ್ತಾರೆ. ಕೆಲಸ, ಮನೆ, ಸಂಸಾರ ಅಲ್ಲಿಗೆ ಬಂದಿದ್ದರೆ ನೀವು ಅವರ ಪಾಲಿಗೆ ಅಲ್ಲಿನ ನಿವಾಸಿಯೇ.

ಇನ್ಶೂರೆನ್ಸ್ ಕಂಪನಿಯ ಲೆಕ್ಕ ಮತ್ತೂ ಬೇರೆ. ಅವರಿಗೆ ಬೇಕಾದದ್ದು ನೀವು ಬಂದು ಎಷ್ಟು ತಿಂಗಳಾಯಿತು ಅನ್ನುವುದು. ಜೊತೆಗೆ ಪಾಲಿಸಿ ಪುಸ್ತಕದಲ್ಲಿ ‘ಪಾಲಿಸಿದಾರರು ಬ್ರಿಟನ್‌ನಲ್ಲಿ ಖಾಯಂ ವಾಸ ಇರಬೇಕು’ ಅನ್ನುವ ಒಂದು ಸಾಲು ಎಷ್ಟೋ ಕಡೆ ಇರುತ್ತದೆ. ಈ ಸಾಲು ನೋಡಿ ನಮ್ಮವರು ಗಾಬರಿಯಾಗುತ್ತಾರೆ. ‘ನನಗೆ ಪರ್ಮನೆಂಟ್ ಸ್ಟೇಟಸ್ ಇನ್ನೂ ಬಂದಿಲ್ಲ, ಹೌದು ಅಂತ ಟಿಕ್ ಮಾಡಿದರೆ ಸುಳ್ಳಾಗುತ್ತಾ?’ ಸಾಮಾನ್ಯವಾಗಿ ಆಗುವುದಿಲ್ಲ. ವಿಮೆಯವರು ಅಲ್ಲಿ ಕೇಳುತ್ತಿರುವುದು ವಲಸೆ ಕಾನೂನಿನ ಹಕ್ಕನ್ನಲ್ಲ. ನಿಮ್ಮ ಮುಖ್ಯ ಮನೆ ಇಲ್ಲಿದೆಯಾ, ನೀವು ರಜೆಗೆ ಬಂದು ಹೋಗುವವರಲ್ಲ ತಾನೇ ಅನ್ನುವುದು ಅದರ ಅರ್ಥ. ಆದರೂ ಒಂದೊಂದು ಕಂಪನಿ ಒಂದೊಂದು ವ್ಯಾಖ್ಯೆ ಇಟ್ಟುಕೊಂಡಿರುತ್ತದೆ. ಅದಕ್ಕೇ ಪಾಲಿಸಿ ಪುಸ್ತಕದ ಮೊದಲ ಪುಟಗಳಲ್ಲಿರುವ ಅರ್ಥಗಳ ಪಟ್ಟಿ ಓದಬೇಕು. ಅನುಮಾನ ಇದ್ದರೆ ಚಾಟ್‌ನಲ್ಲೋ ಇಮೇಲ್‌ನಲ್ಲೋ ಕೇಳಿ, ಬಂದ ಉತ್ತರವನ್ನು ಉಳಿಸಿಕೊಳ್ಳಬೇಕು. ಫೋನ್‌ನಲ್ಲಿ ಕೇಳಿದ ಮಾತು ಕ್ಲೇಮ್ ದಿನ ಕೈಗೆ ಸಿಗುವುದಿಲ್ಲ.

ಒಂದು ದಿನ, ಒಂದು ವಾರಕ್ಕೆ ಸಿಗುವ ಅಲ್ಪಾವಧಿ ಇನ್ಶೂರೆನ್ಸ್‌ನಲ್ಲಿ ಇನ್ನೂ ಬಿಗಿ. ಇಷ್ಟು ತಿಂಗಳೋ ವರ್ಷವೋ ಇಲ್ಲಿ ವಾಸವಾಗಿರಬೇಕು ಅಂತ ಹಲವರು ಷರತ್ತು ಹಾಕುತ್ತಾರೆ. ಗೆಳೆಯನ ಕಾರನ್ನು ವಾರಾಂತ್ಯಕ್ಕೆ ತೆಗೆದುಕೊಂಡು ಹೋಗೋಣ ಅನ್ನುವವರು ಇದನ್ನು ಮೊದಲೇ ನೋಡಿಕೊಳ್ಳಬೇಕು.

ಹನ್ನೆರಡು ತಿಂಗಳ ಗೆರೆ

ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್‌ಗೆ ವಾಸಕ್ಕೆ ಬಂದ ಭಾರತೀಯರು ತಮ್ಮ ಡಿಎಲ್ ಮೇಲೆ ಹನ್ನೆರಡು ತಿಂಗಳು ಕಾರು ಓಡಿಸಬಹುದು. ನಮ್ಮ ಡಿಎಲ್ ಇಂಗ್ಲಿಷ್‌ನಲ್ಲೇ ಇರುವುದರಿಂದ ಓದುವ ತೊಂದರೆಯೂ ಇಲ್ಲ. ಅಲ್ಲಿಯವರೆಗೆ ಎಲ್ಲ ಸಲೀಸು. ಆದರೆ ಆ ಹನ್ನೆರಡು ತಿಂಗಳು ಎಲ್ಲಿಂದ ಶುರು ಅನ್ನುವಲ್ಲಿ ದೊಡ್ಡ ತಪ್ಪು ತಿಳಿವಳಿಕೆ ಹಬ್ಬಿದೆ.

‘ದಸರಾ ರಜೆಗೆ ಊರಿಗೆ ಹೋಗಿ ಬಂದರೆ ಮತ್ತೆ ಹೊಸದಾಗಿ ಹನ್ನೆರಡು ತಿಂಗಳು ಸಿಗುತ್ತದೆ’ ಅಂತ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ. ಇದು ಪ್ರವಾಸಿಗಳಿಗೆ ಇರುವ ನಿಯಮ. ವಿಸಿಟರ್ ಆಗಿ ಬಂದವರಿಗೆ ಅವಧಿ ಶುರುವಾಗುವುದು ಕೊನೆಯ ಸಲ ದೇಶದೊಳಗೆ ಬಂದ ದಿನದಿಂದ. ಕೆಲಸಕ್ಕೆ ಬಂದು ಮನೆ ಮಾಡಿಕೊಂಡವರಿಗೆ ಹಾಗಲ್ಲ. ಅವರ ಅವಧಿ ಶುರುವಾಗುವುದು ನಿವಾಸಿಯಾದ ದಿನ. ಅದು ಒಂದೇ ಸಲ. ನಡುವೆ ಎಷ್ಟು ಸಲ ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ಬಂದು ಹೋದರೂ ಅದು ನಿಲ್ಲುವುದಿಲ್ಲ, ಹೊಸದಾಗಿ ಶುರುವಾಗುವುದೂ ಇಲ್ಲ.

ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಇದ್ದರೆ ಅವಧಿ ಮುಂದಕ್ಕೆ ಹೋಗುತ್ತದೆ ಅನ್ನುವುದೂ ಇಂಥದ್ದೇ ಮಾತು. ಹೋಗುವುದಿಲ್ಲ. ಭಾರತದಲ್ಲಿ ಡಿಎಲ್ ನವೀಕರಿಸಿಕೊಂಡರೂ ಅಷ್ಟೇ.

ಹನ್ನೆರಡು ತಿಂಗಳಾದ ಮರುದಿನ ಏನಾಗುತ್ತದೆ? ಭಾರತದ ಡಿಎಲ್ ಭಾರತದಲ್ಲಿ ಸರಿಯಾಗಿಯೇ ಇರುತ್ತದೆ. ಆದರೆ ಬ್ರಿಟನ್ ರಸ್ತೆಯಲ್ಲಿ ನೀವು ಲೈಸೆನ್ಸ್ ಇಲ್ಲದವರು. ಇನ್ಶೂರೆನ್ಸ್ ಪಾಲಿಸಿಗಳು ಸಾಮಾನ್ಯವಾಗಿ ‘ಆ ವಾಹನ ಓಡಿಸಲು ಅರ್ಹವಾದ ಲೈಸೆನ್ಸ್ ಇರಬೇಕು’ ಅನ್ನುತ್ತವೆ. ಹಾಗಾಗಿ ಲೈಸೆನ್ಸ್ ಬಿದ್ದ ದಿನ ಇನ್ಶೂರೆನ್ಸ್ ಕೂಡ ಅದರ ಜೊತೆಯಲ್ಲೇ ಬೀಳಬಹುದು. ಪ್ರೀಮಿಯಂ ಕಟ್ಟಿರುತ್ತೀರಿ, ಸರ್ಟಿಫಿಕೇಟ್ ಮನೆಯಲ್ಲಿರುತ್ತದೆ, ಪಾಲಿಸಿ ಮುಗಿಯಲು ಇನ್ನೂ ತಿಂಗಳುಗಳಿರುತ್ತವೆ. ಕಂಪನಿಯಿಂದ ನೆನಪಿನ ಮೆಸೇಜ್ ಬರುತ್ತದೆ ಅಂತ ಕಾಯಬೇಡಿ. ವಾಸದ ವಿಷಯದಲ್ಲಿ ಜನ ನಿಜವಾಗಿ ಸಿಕ್ಕಿಬೀಳುವುದು ಇಲ್ಲೇ ಅನ್ನುವುದು ನನ್ನ ಅಭಿಪ್ರಾಯ. ಜಾಸ್ತಿ ಪ್ರೀಮಿಯಂ ಕಣ್ಣಿಗೆ ಕಾಣುತ್ತದೆ, ಬೈದುಕೊಂಡು ಕಟ್ಟುತ್ತೇವೆ. ಈ ಗೆರೆ ಕಾಣುವುದೇ ಇಲ್ಲ.

ಇನ್ಶೂರೆನ್ಸ್ ಇಲ್ಲದೆ ಓಡಿಸುವುದು 1988ರ ರಸ್ತೆ ಸಂಚಾರ ಕಾಯ್ದೆಯ 143ನೇ ಸೆಕ್ಷನ್ ಪ್ರಕಾರ ಅಪರಾಧ. ಗೊತ್ತಿರಲಿಲ್ಲ ಅನ್ನುವುದು ಸಮರ್ಥನೆ ಆಗುವುದಿಲ್ಲ. ಸ್ಥಳದಲ್ಲೇ ಆದರೆ 300 ಪೌಂಡ್ ದಂಡ ಮತ್ತು ಲೈಸೆನ್ಸ್ ಮೇಲೆ ಆರು ಪಾಯಿಂಟ್, ಅಂದರೆ ತಪ್ಪಿಗೆ ದಾಖಲಾಗುವ ಕಪ್ಪು ಅಂಕ. ಕೋರ್ಟಿಗೆ ಹೋದರೆ ದಂಡಕ್ಕೆ ಮಿತಿ ಇಲ್ಲ. ಪೊಲೀಸರು ಕಾರನ್ನೇ ಎತ್ತಿಕೊಂಡು ಹೋಗಬಹುದು. ಅಪಘಾತ ಆಗಿದ್ದರೆ ಪೆಟ್ಟು ತಿಂದವರಿಗೆ ಪರಿಹಾರ ಕೊಟ್ಟ ಕಂಪನಿ ಆ ಹಣವನ್ನು ನಿಮ್ಮಿಂದ ವಸೂಲಿಗೆ ಬರಬಹುದು. ಆರು ಪಾಯಿಂಟ್ ಅಂದರೆ ಹೊಸದಾಗಿ ಟೆಸ್ಟ್ ಪಾಸಾದವರಿಗೆ ಇನ್ನೊಂದು ಪೆಟ್ಟಿದೆ. ಅಲ್ಲಿನ ಟೆಸ್ಟ್ ಪಾಸಾಗಿ ಎರಡು ವರ್ಷದೊಳಗೆ ಆರು ಪಾಯಿಂಟ್ ಬಿದ್ದರೆ ಲೈಸೆನ್ಸ್ ರದ್ದಾಗುತ್ತದೆ. ಮತ್ತೆ ಪ್ರಾವಿಷನಲ್‌ನಿಂದ ಶುರು. ಬೆಂಗಳೂರಿನಲ್ಲಿ ಎಷ್ಟು ವರ್ಷ ಓಡಿಸಿದ್ದರೂ ಈ ಎರಡು ವರ್ಷದ ಲೆಕ್ಕದಿಂದ ವಿನಾಯಿತಿ ಇಲ್ಲ.

ಪರಿಹಾರ ಒಂದೇ, ಅಲ್ಲಿನ ಟೆಸ್ಟ್ ಪಾಸಾಗುವುದು. ಆನ್‌ಲೈನ್‌ನಲ್ಲಿ ಪ್ರಾವಿಷನಲ್‌ಗೆ 34 ಪೌಂಡ್, ಥಿಯರಿ ಟೆಸ್ಟ್‌ಗೆ 23, ವಾರದ ದಿನಗಳ ಪ್ರಾಕ್ಟಿಕಲ್‌ಗೆ 62. ಶುಲ್ಕ ದೊಡ್ಡ ವಿಷಯ ಅಲ್ಲ. ಕಷ್ಟ ಇರುವುದು ತಾರೀಖು ಸಿಗುವುದರಲ್ಲಿ. ಕೋವಿಡ್ ಆದಮೇಲೆ ಪ್ರಾಕ್ಟಿಕಲ್ ಟೆಸ್ಟ್‌ಗೆ ಅನೇಕ ಕೇಂದ್ರಗಳಲ್ಲಿ ತಿಂಗಳುಗಟ್ಟಲೆ ಕಾಯಬೇಕಾಗಿದೆ. ಹತ್ತನೇ ತಿಂಗಳಲ್ಲಿ ಎಚ್ಚೆತ್ತವರಿಗೆ ಹನ್ನೆರಡರೊಳಗೆ ಟೆಸ್ಟ್ ಸಿಗುವುದು ಅನುಮಾನ. ಸಿಕ್ಕರೂ ಮೊದಲ ಸಲವೇ ಪಾಸಾಗುತ್ತೇವೆ ಅನ್ನುವ ಖಾತ್ರಿ ಇಲ್ಲ. ಕನ್ನಡಿ ನೋಡುವುದು, ವೃತ್ತದಲ್ಲಿ ಲೇನ್ ಹಿಡಿಯುವುದು, ಸೈಕಲ್‌ನವರಿಗೆ ಜಾಗ ಬಿಡುವುದು, ಇವುಗಳಲ್ಲಿ ಪಳಗಿದ ಕೈಗಳೇ ಫೇಲ್ ಆಗುತ್ತವೆ. ಹಾಗಾಗಿ ಅಲ್ಲಿಗೆ ಹೋದ ಮೊದಲ ತಿಂಗಳಲ್ಲೇ ಪ್ರಾವಿಷನಲ್‌ಗೆ ಅರ್ಜಿ ಹಾಕುವುದು ಒಳ್ಳೆಯದು. ಪ್ರಾವಿಷನಲ್ ತೆಗೆದುಕೊಂಡರೆ ಡಿಎಲ್ ಮೇಲಿನ ಹನ್ನೆರಡು ತಿಂಗಳ ಹಕ್ಕು ಹೋಗುತ್ತದೆ ಅಂತ ಹೆದರಬೇಕಿಲ್ಲ. ಅವಧಿ ಇರುವ ತನಕ ಎಲ್ ಬೋರ್ಡ್ ಇಲ್ಲದೆಯೇ ಓಡಿಸಬಹುದು. ಅವಧಿ ಮುಗಿದಮೇಲೆ ಮಾತ್ರ ಎಲ್ ಬೋರ್ಡ್ ಬೇಕು, ಪಕ್ಕದಲ್ಲಿ ಅನುಭವಿ ಚಾಲಕರು ಕೂರಬೇಕು, ಅದಕ್ಕೆ ತಕ್ಕ ಇನ್ಶೂರೆನ್ಸ್ ಇರಬೇಕು.

ಆಟೋಮ್ಯಾಟಿಕ್ ಕಾರಿನಲ್ಲಿ ಟೆಸ್ಟ್ ಕೊಟ್ಟರೆ ಆಟೋಮ್ಯಾಟಿಕ್ ಓಡಿಸಲು ಮಾತ್ರ ಲೈಸೆನ್ಸ್ ಅನ್ನುವುದನ್ನೂ ನೆನಪಿಡಿ. ಮನೆಯಲ್ಲಿ ಮ್ಯಾನುಯಲ್ ಗೇರಿನ ಕಾರು ಇದ್ದರೆ ಪಾಸಾದರೂ ಅದನ್ನು ಒಬ್ಬರೇ ಓಡಿಸುವಂತಿಲ್ಲ.

ಕರಾವಳಿಯವರಿಗೆ ಒಂದು ಮಾತು. ಬ್ರಿಟನ್ ಕೆಲವು ದೇಶಗಳ ಲೈಸೆನ್ಸ್‌ಗಳನ್ನು ಟೆಸ್ಟ್ ಇಲ್ಲದೆ ಬದಲಿಸಿಕೊಡುತ್ತದೆ. ಭಾರತ ಆ ಪಟ್ಟಿಯಲ್ಲಿಲ್ಲ. ಆದರೆ 2021ರಲ್ಲಿ ಯುಎಇ ಸೇರಿದೆ. ದುಬೈ, ಅಬುಧಾಬಿಯಲ್ಲಿ ಟೆಸ್ಟ್ ಕೊಟ್ಟು ಲೈಸೆನ್ಸ್ ಪಡೆದು ಆಮೇಲೆ ಬ್ರಿಟನ್‌ಗೆ ಬಂದ ಮಂಗಳೂರು, ಉಡುಪಿ, ಭಟ್ಕಳದವರು ಬಹಳ ಇದ್ದಾರೆ. ಅವರು ನಿವಾಸಿಯಾಗಿ ಐದು ವರ್ಷದೊಳಗೆ ಆ ಲೈಸೆನ್ಸ್ ಬದಲಿಸಿಕೊಳ್ಳಬಹುದು. ಊರಿನ ಡಿಎಲ್ ಹಿಡಿದು ಟೆಸ್ಟ್‌ಗೆ ಕಾಯುವ ಮೊದಲು ಆ ಹಳೆಯ ಕಾರ್ಡ್ ಹುಡುಕಿ ನೋಡಿ.

ಸ್ವಲ್ಪ ಸುಳ್ಳು, ದೊಡ್ಡ ನಷ್ಟ

ಬಂದ ದಿನಾಂಕವನ್ನು ಒಂದೆರಡು ವರ್ಷ ಹಿಂದೆ ಹಾಕಿದರೆ ಪ್ರೀಮಿಯಂ ಇಳಿಯುತ್ತದೆ. ಲೈಸೆನ್ಸ್ ಜಾಗದಲ್ಲಿ ‘ಬ್ರಿಟನ್ನಿನ ಪೂರ್ಣ ಲೈಸೆನ್ಸ್’ ಆಯ್ಕೆ ಮಾಡಿದರೆ ಇನ್ನೂ ಇಳಿಯುತ್ತದೆ. ಬೆಲೆ ಹೋಲಿಸುವ ಜಾಲತಾಣಗಳಲ್ಲಿ ಇದು ಎರಡು ಕ್ಲಿಕ್‌ನ ಕೆಲಸ. ಯಾರೂ ಆಗಲೇ ತಡೆಯುವುದಿಲ್ಲ. ಪರಿಶೀಲನೆ ಶುರುವಾಗುವುದು ಕ್ಲೇಮ್ ಹಾಕಿದಾಗ. ಆಗ ಡಿವಿಎಲ್‌ಎ ದಾಖಲೆ, ಪಾಸ್‌ಪೋರ್ಟ್, ವೀಸಾ, ಬಾಡಿಗೆ ಕರಾರು ಎಲ್ಲ ಹೊರಗೆ ಬರುತ್ತದೆ.

ಇದನ್ನು ನಿಯಂತ್ರಿಸುವುದು ಗ್ರಾಹಕರ ವಿಮಾ ಮಾಹಿತಿ ಕುರಿತ 2012ರ ಕಾಯ್ದೆ. ಅದು ಜಾರಿಗೆ ಬಂದದ್ದು 2013ರ ಏಪ್ರಿಲ್‌ನಲ್ಲಿ. ಅದಕ್ಕೂ ಮೊದಲು ಕಂಪನಿ ಕೇಳದಿದ್ದರೂ ಮುಖ್ಯವಾದ ವಿಷಯ ನೀವೇ ಹೇಳಬೇಕು ಅನ್ನುವ ಹೊಣೆ ಇತ್ತು. ಈಗ ಕೇಳಿದ ಪ್ರಶ್ನೆಗೆ ಸಾಕಷ್ಟು ಎಚ್ಚರದಿಂದ ಉತ್ತರಿಸಿದರೆ ಸಾಕು. ವೀಸಾ ಬಗ್ಗೆ ಕೇಳದಿದ್ದರೆ ನೀವಾಗಿ ಹೇಳಬೇಕಿಲ್ಲ. ಗ್ರಾಹಕರಿಗೆ ಇದು ಒಳ್ಳೆಯ ಬದಲಾವಣೆ. ಆದರೆ ಕೇಳಿದ್ದಕ್ಕೆ ತಪ್ಪು ಹೇಳಿದರೆ ಕಾನೂನು ಎರಡು ದಾರಿ ಹಿಡಿಯುತ್ತದೆ.

ಬೇಕೆಂದೇ ಸುಳ್ಳು ಹೇಳಿದ್ದೀರಿ ಅಂತ ಕಂಪನಿ ತೋರಿಸಿದರೆ ಪಾಲಿಸಿಯನ್ನೇ ಇಲ್ಲವಾಗಿಸಬಹುದು, ನಿಮ್ಮ ಕಾರಿನ ಕ್ಲೇಮ್ ಕೊಡಬೇಕಿಲ್ಲ, ಕಟ್ಟಿದ ಪ್ರೀಮಿಯಂ ಕೂಡ ಇಟ್ಟುಕೊಳ್ಳಬಹುದು. ಅಜಾಗರೂಕತೆಯಿಂದ ತಪ್ಪಾಗಿದ್ದರೆ ಪ್ರಮಾಣದ ಲೆಕ್ಕ ಬರುತ್ತದೆ. ಉದಾಹರಣೆಗೆ ನಿಜ ಹೇಳಿದ್ದರೆ ಪ್ರೀಮಿಯಂ 1200 ಪೌಂಡ್ ಆಗುತ್ತಿತ್ತು, ತಪ್ಪು ಉತ್ತರದಿಂದ ನೀವು ಕಟ್ಟಿದ್ದು 900 ಅಂತ ಇಟ್ಟುಕೊಳ್ಳಿ. ಆಗ ಕಂಪನಿ ಕ್ಲೇಮ್‌ನ ಮುಕ್ಕಾಲು ಭಾಗ ಮಾತ್ರ ಕೊಟ್ಟರೂ ನಡೆಯುತ್ತದೆ. 8000 ಪೌಂಡ್ ನಷ್ಟಕ್ಕೆ 6000. ಉಳಿಸಿದ್ದು 300, ಕಳೆದುಕೊಂಡದ್ದು 2000. ಇನ್ನು ‘ನಿಜ ಹೇಳಿದ್ದರೆ ಪಾಲಿಸಿಯನ್ನೇ ಕೊಡುತ್ತಿರಲಿಲ್ಲ’ ಅಂತ ಕಂಪನಿ ತೋರಿಸಿದರೆ ಪ್ರೀಮಿಯಂ ವಾಪಸ್ ಕೊಟ್ಟು ಕೈತೊಳೆದುಕೊಳ್ಳಬಹುದು. ಹೊಸದಾಗಿ ಬಂದವರ ವಿಷಯದಲ್ಲಿ ಈ ಮಾತು ಬರುವ ಸಾಧ್ಯತೆ ಜಾಸ್ತಿ. ಏಕೆಂದರೆ ಎಷ್ಟೋ ಕಂಪನಿಗಳು ಅವರಿಗೆ ನಿಜಕ್ಕೂ ಪಾಲಿಸಿ ಕೊಡುವುದಿಲ್ಲ.

ಒಮ್ಮೆ ಹೀಗೆ ಪಾಲಿಸಿ ರದ್ದಾದರೆ ಮುಂದೆ ಪ್ರತಿ ಅರ್ಜಿಯಲ್ಲೂ ಅದು ಬೆನ್ನು ಹತ್ತುತ್ತದೆ. ‘ನಿಮ್ಮ ಇನ್ಶೂರೆನ್ಸ್ ಯಾವಾಗಲಾದರೂ ರದ್ದಾಗಿದೆಯೇ’ ಅನ್ನುವ ಪ್ರಶ್ನೆಗೆ ಹೌದು ಅನ್ನಲೇಬೇಕು.

ನಮ್ಮವರಲ್ಲಿ ನಡೆಯುವ ಇನ್ನೊಂದು ಏರ್ಪಾಡು ಇದೆ. ಎಂಟು ಹತ್ತು ವರ್ಷದಿಂದ ಅಲ್ಲಿರುವ ಗೆಳೆಯನನ್ನೋ ಭಾವನನ್ನೋ ಮುಖ್ಯ ಚಾಲಕ ಅಂತ ಬರೆಸುವುದು, ದಿನಾ ಓಡಿಸುವ ತಮ್ಮ ಹೆಸರನ್ನು ಎರಡನೇ ಚಾಲಕ ಅಂತ ಹಾಕುವುದು. ಸಹಾಯ ಮಾಡುವ ಮನಸ್ಸಿನಿಂದಲೇ ಮಾಡುತ್ತಾರೆ. ಅಲ್ಲಿ ಇದನ್ನು ಫ್ರಂಟಿಂಗ್ ಅನ್ನುತ್ತಾರೆ, ವಂಚನೆ ಅಂತಲೇ ಪರಿಗಣಿಸುತ್ತಾರೆ. ಸಿಕ್ಕಿಬಿದ್ದರೆ ಸಹಾಯ ಮಾಡಿದವರ ದಾಖಲೆಯೂ ಕೆಡುತ್ತದೆ. ನಿಜವಾಗಿ ಇಬ್ಬರೂ ಹಂಚಿಕೊಂಡು ಓಡಿಸುತ್ತಿದ್ದರೆ, ಜಾಸ್ತಿ ಓಡಿಸುವವರೇ ಮುಖ್ಯ ಚಾಲಕರಾಗಿದ್ದರೆ, ಅದರಲ್ಲಿ ತಪ್ಪಿಲ್ಲ. ಅನುಭವಿ ಹೆಂಡತಿಯನ್ನೋ ಗಂಡನನ್ನೋ ಎರಡನೇ ಚಾಲಕರಾಗಿ ಸೇರಿಸಿದರೆ ದರ ಇಳಿಯುವುದೂ ಉಂಟು.

ಎಲ್ಲಕ್ಕಿಂತ ನೋವು ಕೊಡುವುದು ನಕಲಿ ದಲ್ಲಾಳಿಗಳ ಕಾಟ. ವಾಟ್ಸಾಪ್, ಇನ್‌ಸ್ಟಾಗ್ರಾಂ, ಫೇಸ್‌ಬುಕ್‌ನಲ್ಲಿ ‘ಹೊಸಬರಿಗೆ ಅಗ್ಗದ ಇನ್ಶೂರೆನ್ಸ್’ ಅಂತ ಬರುತ್ತಾರೆ. ಅಲ್ಲಿ ಇವರಿಗೆ ಗೋಸ್ಟ್ ಬ್ರೋಕರ್ ಅನ್ನುತ್ತಾರೆ. ಕೆಲವರು ಬರೀ ನಕಲಿ ಸರ್ಟಿಫಿಕೇಟ್ ಕೊಡುತ್ತಾರೆ. ಕೆಲವರು ನಿಮ್ಮ ಹೆಸರಲ್ಲಿ ಸುಳ್ಳು ವಿವರ ತುಂಬಿ ನಿಜವಾದ ಪಾಲಿಸಿಯನ್ನೇ ತೆಗೆಯುತ್ತಾರೆ. ಇನ್ನು ಕೆಲವರು ಪಾಲಿಸಿ ತೆಗೆದು ಒಂದೆರಡು ದಿನದಲ್ಲಿ ರದ್ದು ಮಾಡಿ ಹಣ ಹಿಂದಕ್ಕೆ ಪಡೆಯುತ್ತಾರೆ. ಮೋಸ ಹೋದವರ ಮೇಲೇ ಇನ್ಶೂರೆನ್ಸ್ ಇಲ್ಲದ ಕೇಸ್ ಬೀಳುತ್ತದೆ. ಸಿಟಿ ಆಫ್ ಲಂಡನ್ ಪೊಲೀಸರಲ್ಲಿ ವಿಮಾ ವಂಚನೆಗೇ ಒಂದು ಪ್ರತ್ಯೇಕ ವಿಭಾಗ ಇದೆ. ಅವರು ವರ್ಷವರ್ಷ ಎಚ್ಚರಿಸುತ್ತಲೇ ಇದ್ದಾರೆ. ಭಾಷೆ ಗೊತ್ತಿರುವ ನಮ್ಮ ಊರಿನವರೇ ಪರಿಚಯ ಮಾಡಿಸಿದರೂ ದಲ್ಲಾಳಿಯ ಹೆಸರು ಎಫ್‌ಸಿಎ ಎಂಬ ಹಣಕಾಸು ನಿಯಂತ್ರಕರ ಪಟ್ಟಿಯಲ್ಲಿದೆಯಾ ಅಂತ ನೋಡದೆ ಒಂದು ಪೌಂಡ್ ಕೂಡ ಕೊಡಬೇಡಿ. ದೇಶದ ಎಲ್ಲ ಇನ್ಶೂರೆನ್ಸ್ ಇರುವ ವಾಹನಗಳ ಡೇಟಾಬೇಸ್ ಇದೆ. ನಿಮ್ಮ ಕಾರಿನ ನಂಬರ್ ಹಾಕಿ ಅದರಲ್ಲಿ ಇದೆಯಾ ಅಂತ ನೋಡಬಹುದು.

ಕೆಲಸದ ಓಡಾಟ ಬೇರೆ

ಇದು ಆರೈಕೆ ಕೆಲಸದವರಿಗೆ ಮುಖ್ಯ. ಹೆಲ್ತ್ ಅಂಡ್ ಕೇರ್ ವರ್ಕರ್ ವೀಸಾ ಮೇಲೆ ಹೋದ ಹಲವರ ಕೆಲಸ ಮನೆಮನೆಗೆ ಹೋಗಿ ವಯಸ್ಸಾದವರನ್ನು ನೋಡಿಕೊಳ್ಳುವುದು. ಹೊರದೇಶದಿಂದ ಹೊಸದಾಗಿ ಆರೈಕೆ ಕೆಲಸಗಾರರನ್ನು ಕರೆಸುವುದನ್ನು ಬ್ರಿಟನ್ 2025ರ ಜುಲೈನಲ್ಲಿ ನಿಲ್ಲಿಸಿದೆ, ಆದರೆ ಮೊದಲೇ ಹೋದವರು ಅಲ್ಲೇ ದುಡಿಯುತ್ತಿದ್ದಾರೆ. ಕಾರಿಲ್ಲದೆ ಈ ಕೆಲಸ ಬಹಳ ಕಡೆ ಆಗುವುದಿಲ್ಲ. ಬೆಳಗಿನ ಜಾವ ಹಳ್ಳಿಗಾಡಿನಲ್ಲಿ ಬಸ್ ಇರುವುದಿಲ್ಲ.

ಅಲ್ಲಿನ ಪಾಲಿಸಿಯಲ್ಲಿ ಕಾರು ಯಾವುದಕ್ಕೆ ಅನ್ನುವುದಕ್ಕೂ ದರ್ಜೆಗಳಿವೆ. ಸ್ವಂತ ಓಡಾಟ ಒಂದು. ಮನೆಯಿಂದ ಒಂದೇ ಕೆಲಸದ ಜಾಗಕ್ಕೆ ಹೋಗಿ ಬರುವುದು ಇನ್ನೊಂದು. ಕೆಲಸದ ನಡುವೆ ಜಾಗದಿಂದ ಜಾಗಕ್ಕೆ ಹೋಗುವುದು ಮೂರನೆಯದು, ಅದಕ್ಕೆ ಬಿಸಿನೆಸ್ ಯೂಸ್ ಬೇಕು. ಒಬ್ಬ ಅಜ್ಜನ ಮನೆಯಿಂದ ಇನ್ನೊಬ್ಬ ಅಜ್ಜಿಯ ಮನೆಗೆ ಹೋಗುವ ಕೇರರ್ ಈ ಮೂರನೇ ದರ್ಜೆಗೆ ಬರುತ್ತಾರೆ. ಅಗ್ಗದ ಮೊದಲ ದರ್ಜೆ ತೆಗೆದುಕೊಂಡು ಇಡೀ ದಿನ ಓಡಾಡುವವರಿದ್ದಾರೆ. ಅವರ ಸಂಬಳಕ್ಕೆ ಪ್ರೀಮಿಯಂ ಭಾರ ಅನ್ನುವುದು ನಿಜ. ಆದರೆ ಕೆಲಸದ ನಡುವೆ ಡಿಕ್ಕಿಯಾದರೆ ಕೈಯಲ್ಲಿ ಇನ್ಶೂರೆನ್ಸ್ ಇರುವುದಿಲ್ಲ. ಕೆಲಸದ ಭಾಗವಾಗಿ ಕಾರು ಬೇಕೇ ಬೇಕು ಅನ್ನುವ ಮಾಲೀಕರು ಈ ಖರ್ಚಿನಲ್ಲಿ ಪಾಲು ಕೊಡಬೇಕು ಅಂತ ನಾನು ನಂಬುತ್ತೇನೆ. ಕೆಲಸಕ್ಕೆ ಸೇರುವ ಮೊದಲು ಇದನ್ನು ಕೇಳಲು ಸಂಕೋಚ ಬೇಡ.

ವಿದ್ಯಾರ್ಥಿಗಳು ಕಾರಿನಲ್ಲಿ ಊಟದ ಡೆಲಿವರಿ ಮಾಡುವುದಕ್ಕೆ ಇನ್ನೂ ಬೇರೆಯದೇ ಇನ್ಶೂರೆನ್ಸ್ ಬೇಕು. ಅದಕ್ಕಿಂತ ಮೊದಲು, ಸ್ಟೂಡೆಂಟ್ ವೀಸಾದಲ್ಲಿ ಸ್ವಯಂ ಉದ್ಯೋಗಕ್ಕೆ ಅವಕಾಶವೇ ಇಲ್ಲ. ಅಲ್ಲಿ ವೀಸಾ, ಇನ್ಶೂರೆನ್ಸ್ ಎರಡೂ ಒಟ್ಟಿಗೆ ಕೈಕೊಡುತ್ತವೆ.

ಅಪ್ಪ ಅಮ್ಮ ನೋಡಲು ಬಂದಾಗ ಅವರನ್ನು ಪಾಲಿಸಿಗೆ ಸೇರಿಸಬಹುದಾ ಅಂತಲೂ ಕೇಳುತ್ತಾರೆ. ವಿಸಿಟರ್ ಆಗಿ ಅವರ ಡಿಎಲ್ ಸಲ್ಲುತ್ತದೆ. ಇನ್ಶೂರೆನ್ಸ್ ಕಂಪನಿ ಒಪ್ಪುತ್ತದಾ ಅನ್ನುವುದು ಬೇರೆ ಮಾತು. ಅಲ್ಲಿ ವಾಸವಿಲ್ಲದವರನ್ನು ಹಲವು ಕಂಪನಿಗಳು ಸೇರಿಸಿಕೊಳ್ಳುವುದಿಲ್ಲ.

ವಾಸದ ವರ್ಷ ಯಾಕೆ ಎಣಿಸುತ್ತಾರೆ

ಕಂಪನಿಗಳ ವಾದ ಹೀಗಿದೆ. ಬ್ರಿಟನ್‌ನಲ್ಲಿ ಬೆಳೆದವರ ಬಗ್ಗೆ ಅವರ ಬಳಿ ಬಹಳ ಮಾಹಿತಿ ಇದೆ. ಡಿವಿಎಲ್‌ಎ ನಂಬರ್ ಕೊಟ್ಟರೆ ಲೈಸೆನ್ಸ್ ಯಾವಾಗಿನದು, ಪಾಯಿಂಟ್ ಎಷ್ಟು ಅಂತ ಗೊತ್ತಾಗುತ್ತದೆ. ಎಲ್ಲ ಕಂಪನಿಗಳು ಹಂಚಿಕೊಳ್ಳುವ ಕ್ಲೇಮ್ ದಾಖಲೆ ಇದೆ. ಕ್ರೆಡಿಟ್ ಇತಿಹಾಸ ಇದೆ. ಹೊಸದಾಗಿ ಬಂದವರು ಇವುಗಳಲ್ಲಿ ಎಲ್ಲೂ ಇರುವುದಿಲ್ಲ. ಗೊತ್ತಿಲ್ಲದವರಿಗೆ ಜಾಸ್ತಿ ದರ, ಅಷ್ಟೇ.

ಈ ಖಾಲಿ ಜಾಗವನ್ನು ನಾವೇ ಸ್ವಲ್ಪ ತುಂಬಬಹುದು. ಭಾರತ ಕಾಮನ್‌ವೆಲ್ತ್ ದೇಶ ಆದ್ದರಿಂದ ವೀಸಾ ಮೇಲೆ ಅಲ್ಲಿ ವಾಸ ಇರುವ ಭಾರತೀಯರು ಮತದಾರರ ಪಟ್ಟಿಗೆ ಹೆಸರು ಸೇರಿಸಬಹುದು, ಮತವನ್ನೂ ಹಾಕಬಹುದು. ಇದು ಎಷ್ಟೋ ಜನರಿಗೆ ಗೊತ್ತೇ ಇಲ್ಲ. ವಿಳಾಸ ಖಚಿತಪಡಿಸಲು, ಕ್ರೆಡಿಟ್ ದಾಖಲೆ ಬೆಳೆಯಲು ಆ ಪಟ್ಟಿ ಬಹಳ ನೆರವಾಗುತ್ತದೆ. ಕಂತಿನಲ್ಲಿ ಪ್ರೀಮಿಯಂ ಕಟ್ಟುವುದು ಅಲ್ಲಿ ಸಾಲದ ಹಾಗೆ, ಬಡ್ಡಿ ಬೀಳುತ್ತದೆ, ಕ್ರೆಡಿಟ್ ನೋಡುತ್ತಾರೆ. ಆಗಲೂ ಅದು ಕೆಲಸಕ್ಕೆ ಬರುತ್ತದೆ. ಊರು ಬಿಡುವ ಮೊದಲು ಡಿಎಲ್ ಎಕ್ಸ್‌ಟ್ರಾಕ್ಟ್ ತೆಗೆದಿಟ್ಟುಕೊಳ್ಳಿ, ಸಾರಥಿ ಜಾಲತಾಣದಲ್ಲಿ ಅರ್ಜಿ ಹಾಕಬಹುದು. ಲೈಸೆನ್ಸ್ ಮೊದಲು ಯಾವಾಗ ಬಂತು ಅನ್ನುವುದಕ್ಕೆ ಅದು ಸಾಕ್ಷಿ. ಕಾರು ಮಾರಿದರೆ ಇನ್ಶೂರೆನ್ಸ್ ಕಂಪನಿಯಿಂದ ನೋ ಕ್ಲೇಮ್ ಬೋನಸ್ ಪತ್ರ ಕೇಳಿ ಪಡೆಯಿರಿ. ಬ್ರಿಟನ್‌ನ ಹೆಚ್ಚಿನ ಕಂಪನಿಗಳು ಅದನ್ನು ಒಪ್ಪುವುದಿಲ್ಲ. ಆದರೂ ಹೊರದೇಶದ ಅನುಭವ ನೋಡುವ ಬ್ರೋಕರ್‌ಗಳು ಇದ್ದಾರೆ. ಕಾಗದ ಕೈಯಲ್ಲಿದ್ದರೆ ಮಾತಾಡಬಹುದು.

ಕಂಪನಿಗಳ ವಾದದಲ್ಲಿ ಸ್ವಲ್ಪ ಹುರುಳಿದೆ. ರಸ್ತೆಯ ಶಿಸ್ತು ಬೇರೆ, ಮಂಜು ಬೀಳುವ ಚಳಿಗಾಲ ಬೇರೆ, ಮೋಟರ್‌ವೇ ವೇಗ ಬೇರೆ. ಮೊದಲ ವರ್ಷ ದರ ಜಾಸ್ತಿ ಇರುವುದನ್ನು ನಾನು ಒಪ್ಪುತ್ತೇನೆ. ಒಪ್ಪಲಾಗದ್ದು ಬೇರೆ. ಅಲ್ಲಿನ ಟೆಸ್ಟ್ ಪಾಸಾಗಿ, ಎರಡು ಮೂರು ವರ್ಷ ಕ್ಲೇಮ್ ಇಲ್ಲದೆ ಓಡಿಸಿದವರಿಗೂ ವಾಸದ ವರ್ಷ ಕಡಿಮೆ ಅನ್ನುವ ಕಾರಣಕ್ಕೆ ದರ ಏರಿಸುವುದಾದರೆ ಅದು ಚಾಲನೆಯನ್ನು ಅಳೆಯುತ್ತಿಲ್ಲ. ಆ ಹೊತ್ತಿಗೆ ಕಂಪನಿಗೆ ಬೇಕಾದ ಮಾಹಿತಿ ಎಲ್ಲ ಸಿಕ್ಕಿರುತ್ತದೆ. ಮತ್ತೆ ‘ಯಾವಾಗ ಬಂದಿರಿ’ ಅಂತ ಯಾಕೆ ಕೇಳಬೇಕು? ಅಲ್ಲೇ ಹುಟ್ಟಿದವರು ಆ ಪ್ರಶ್ನೆಯಿಂದ ಎಂದೂ ನಷ್ಟ ಅನುಭವಿಸುವುದಿಲ್ಲ, ಅಲ್ವಾ?

2010ರ ಸಮಾನತಾ ಕಾಯ್ದೆ ರಾಷ್ಟ್ರೀಯತೆಯ ಮೇಲೆ ತಾರತಮ್ಯ ಮಾಡುವುದನ್ನು ನಿಷೇಧಿಸುತ್ತದೆ. ವಯಸ್ಸು, ಅಂಗವೈಕಲ್ಯದ ವಿಷಯದಲ್ಲಿ ವಿಮಾ ಕಂಪನಿಗಳಿಗೆ ಕೆಲವು ವಿನಾಯಿತಿ ಇದೆ. ಜನಾಂಗ, ರಾಷ್ಟ್ರೀಯತೆಗೆ ಅಂಥ ವಿನಾಯಿತಿ ಇಲ್ಲ. ಹಾಗಾಗಿ ಕಂಪನಿಗಳು ರಾಷ್ಟ್ರೀಯತೆ ಕೇಳುವುದಿಲ್ಲ, ವಾಸದ ಅವಧಿ ಕೇಳುತ್ತವೆ. ನೇರವಾಗಿ ಅದು ತಾರತಮ್ಯ ಅಲ್ಲ. ಆದರೆ ಅದರ ಪೆಟ್ಟು ಹೆಚ್ಚಾಗಿ ಬೀಳುವುದು ಹೊರದೇಶದಲ್ಲಿ ಹುಟ್ಟಿದವರ ಮೇಲೇ. ಪರೋಕ್ಷ ತಾರತಮ್ಯದ ಪ್ರಶ್ನೆ ಬಂದರೆ, ನ್ಯಾಯವಾದ ಉದ್ದೇಶಕ್ಕೆ ತಕ್ಕಷ್ಟೇ ಕ್ರಮ ಇದು ಅಂತ ಕಂಪನಿಯೇ ತೋರಿಸಬೇಕಾಗುತ್ತದೆ. ಸಿಟಿಜನ್ಸ್ ಅಡ್ವೈಸ್ ಎಂಬ ಸಲಹಾ ಸಂಸ್ಥೆ 2022ರಲ್ಲಿ ಒಂದು ವರದಿ ತಂದಿತ್ತು. ಬಿಳಿಯರಲ್ಲದವರು ಅರ್ಧಕ್ಕಿಂತ ಹೆಚ್ಚು ಇರುವ ಪ್ರದೇಶಗಳಲ್ಲಿ ಪ್ರೀಮಿಯಂ ಕನಿಷ್ಠ 280 ಪೌಂಡ್ ಜಾಸ್ತಿ ಅಂತ ಅದು ಹೇಳಿತು. ಹೊಸದಾಗಿ ಹೋದ ನಮ್ಮವರಲ್ಲಿ ಹಲವರು ಮನೆ ಮಾಡುವುದು ಇಂಥ ಪ್ರದೇಶಗಳಲ್ಲೇ, ಲಂಡನ್ ಮತ್ತು ಅದರ ಆಸುಪಾಸಿನ ಹೌನ್ಸ್ಲೋ, ಸ್ಲೌ, ಇಲ್ಫರ್ಡ್, ಈಸ್ಟ್ ಹ್ಯಾಮ್‌ನಂಥ ಕಡೆ. ವಾಸದ ವರ್ಷಕ್ಕೆ ಒಂದು ಏರಿಕೆ, ಪಿನ್‌ಕೋಡ್‌ಗೆ ಇನ್ನೊಂದು.

ಅಂಕಿಅಂಶ ಹಾಗೆ ಹೇಳುತ್ತದೆ ಅನ್ನುವುದು ಕೊನೆಯ ಮಾತಾಗಬೇಕಿಲ್ಲ. ಹೆಂಗಸರ ಅಪಘಾತ ಕಡಿಮೆ ಅನ್ನುವ ಅಂಕಿಅಂಶ ಗಟ್ಟಿಯಾಗಿಯೇ ಇತ್ತು. ಆದರೂ ಯುರೋಪಿನ ನ್ಯಾಯಾಲಯ 2011ರಲ್ಲಿ ತೀರ್ಪು ಕೊಟ್ಟು, 2012ರ ಡಿಸೆಂಬರ್ 21ರಿಂದ ಗಂಡು ಹೆಣ್ಣು ಅಂತ ದರ ಬೇರೆ ಮಾಡುವುದನ್ನು ನಿಲ್ಲಿಸಿತು. ಬ್ರಿಟನ್ ಕೂಡ ಅದನ್ನು ಪಾಲಿಸಿತು. ಕಂಪನಿಗಳು ಮುಳುಗಲಿಲ್ಲ. ಎಷ್ಟು ಮೈಲಿ ಓಡಿಸುತ್ತಾರೆ, ಯಾವ ಕಾರು, ಹೇಗೆ ಓಡಿಸುತ್ತಾರೆ ಅನ್ನುವುದನ್ನು ಜಾಸ್ತಿ ನೋಡಲು ಕಲಿತವು. ಕಾರಿನಲ್ಲಿ ಬ್ಲ್ಯಾಕ್ ಬಾಕ್ಸ್ ಹಾಕಿ ಬ್ರೇಕ್, ವೇಗ, ತಿರುವು ಎಲ್ಲ ಅಳೆಯುವ ಪಾಲಿಸಿಗಳು ಈಗಾಗಲೇ ಇವೆ. ಹೊಸಬರಿಗೂ ಅದನ್ನು ಧಾರಾಳವಾಗಿ ಕೊಟ್ಟರೆ ಕೆಲವೇ ತಿಂಗಳಲ್ಲಿ ನಿಜ ತಿಳಿಯುತ್ತದೆ.

ಇನ್ನು ನಮ್ಮ ದೇಶದ ನಿಯಮ ನೋಡಿ. 2002ರ ಇಂಡಿಯಾ ಮೋಟರ್ ಟ್ಯಾರಿಫ್ ಎಂಬ ವಾಹನ ವಿಮೆಯ ನಿಯಮಾವಳಿಯಲ್ಲಿ ನೋ ಕ್ಲೇಮ್ ಬೋನಸ್ ಬಗ್ಗೆ ಒಂದು ಸಾಲಿದೆ. ಹೊರದೇಶದಲ್ಲಿ ಗಳಿಸಿದ ಬೋನಸ್‌ಗೆ ಪುರಾವೆ ತೋರಿಸಿದರೆ ಭಾರತದಲ್ಲಿ ಅದನ್ನು ಕೊಡಬಹುದು. ಅಲ್ಲಿನ ಪಾಲಿಸಿ ಮುಗಿದು ಮೂರು ವರ್ಷದೊಳಗೆ ಇಲ್ಲಿ ಪಾಲಿಸಿ ತೆಗೆದುಕೊಂಡಿರಬೇಕು, ಅಷ್ಟೇ. ಬ್ರಿಟನ್‌ನಿಂದ ಮೈಸೂರಿಗೆ ವಾಪಸ್ ಬಂದವರು ಅಲ್ಲಿನ ಕಂಪನಿಯ ಪತ್ರ ತಂದರೆ ಇಲ್ಲಿ ಅದಕ್ಕೆ ಬೆಲೆ ಇದೆ. ಮೈಸೂರಿನಿಂದ ಬ್ರಿಟನ್‌ಗೆ ಹೋದವರ ಪತ್ರಕ್ಕೆ ಅಲ್ಲಿ ಹೆಚ್ಚಿನ ಕಡೆ ಬೆಲೆ ಇಲ್ಲ. ಪುರಾವೆ ಸಿಗುವುದಿಲ್ಲ ಅನ್ನುವ ಕಾಲವೂ ಹೋಯಿತು. ನಮ್ಮ ಡಿಎಲ್, ವಾಹನ, ಪಾಲಿಸಿ ಎಲ್ಲ ಈಗ ಕಂಪ್ಯೂಟರ್‌ನಲ್ಲೇ ಇವೆ.

2024ರ ಅಕ್ಟೋಬರ್‌ನಲ್ಲಿ ಬ್ರಿಟನ್ ಸರ್ಕಾರ ಕಾರ್ ಇನ್ಶೂರೆನ್ಸ್ ದರ ಏರಿಕೆ ನೋಡಲು ಒಂದು ಕಾರ್ಯಪಡೆ ಮಾಡಿತು. 2023ರ ಜುಲೈನಿಂದ ಎಫ್‌ಸಿಎಯ ಗ್ರಾಹಕ ಕರ್ತವ್ಯ ನಿಯಮವೂ ಜಾರಿಯಲ್ಲಿದೆ. ಗ್ರಾಹಕರಿಗೆ ಒಳ್ಳೆಯದಾಗುವಂತೆ ನಡೆದುಕೊಳ್ಳಬೇಕು, ಕೊಟ್ಟ ಬೆಲೆಗೆ ತಕ್ಕ ಮೌಲ್ಯ ಸಿಗಬೇಕು ಅಂತ ಅದು ಕಂಪನಿಗಳಿಗೆ ಹೇಳುತ್ತದೆ. ಎಫ್‌ಸಿಎ ಕೇಳಬೇಕಾದದ್ದು ಇಷ್ಟು: ಲೈಸೆನ್ಸ್ ವರ್ಷ, ಕ್ಲೇಮ್ ದಾಖಲೆ, ಮೈಲಿ ಎಲ್ಲ ಲೆಕ್ಕ ಹಾಕಿದ ಮೇಲೂ ವಾಸದ ವರ್ಷದಿಂದ ಅಪಘಾತದ ಬಗ್ಗೆ ಏನಾದರೂ ಹೊಸದು ತಿಳಿಯುತ್ತದಾ ಅಂತ ಕಂಪನಿಗಳು ಅಂಕಿ ಸಮೇತ ತೋರಿಸಲಿ. ತೋರಿಸಲಾಗದಿದ್ದರೆ ಮೊದಲ ವರ್ಷದ ನಂತರ ಆ ಪ್ರಶ್ನೆ ಫಾರ್ಮ್‌ನಿಂದ ಹೋಗಲಿ.

ಅಲ್ಲಿಯವರೆಗೆ ದರ ಅನ್ಯಾಯ ಅನಿಸಿದವರು, ಕ್ಲೇಮ್ ಕಡಿತಗೊಂಡವರು ಮೊದಲು ಕಂಪನಿಗೇ ಬರವಣಿಗೆಯಲ್ಲಿ ದೂರು ಕೊಡಬೇಕು. ಎಂಟು ವಾರದಲ್ಲಿ ಉತ್ತರ ಬರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಇಂಥ ದೂರುಗಳನ್ನು ವಿಚಾರಿಸುವ ಫೈನಾನ್ಶಿಯಲ್ ಆಂಬುಡ್ಸ್‌ಮನ್‌ಗೆ ಹೋಗಬಹುದು. ಕಂಪನಿಯ ಅಂತಿಮ ಉತ್ತರ ಬಂದ ಮೇಲೆ ಅದಕ್ಕೆ ಆರು ತಿಂಗಳ ಕಾಲಾವಕಾಶ ಇದೆ. ಶುಲ್ಕ ಇಲ್ಲ, ವಕೀಲರು ಬೇಕಿಲ್ಲ, ವೀಸಾ ಯಾವುದಾದರೂ ನಡೆಯುತ್ತದೆ.